ಒಂದು ಮೊರ ತೌಡಿಗೆ ಮಾರಿದ ತಮ್ಮ

ಮೊನ್ನೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಕೂಸಿಗೆ ಗುಂಡಪ್ಪ ಎಂದು ಹೆಸರಿಟ್ಟರು. ಮನೆಯಲ್ಲಿ ಕರೆಯುವ ಹೆಸರಲ್ಲ, ಕಾಗದಪತ್ರದಲ್ಲಿ ಬರೆಸುವ ಹೆಸರೇ ಅದು. ಊಟಕ್ಕೆ ಕೂತಾಗ ಪಂಕ್ತಿಯಲ್ಲೆಲ್ಲ ಅದೇ ಮಾತು. ಶಾಲೆಯಲ್ಲಿ ಹುಡುಗರು ಇವನನ್ನು ಸುಮ್ಮನೆ ಬಿಡುತ್ತಾರೆಯೇ ಎಂದು ಒಬ್ಬಳು. ಉದ್ದುದ್ದ ಸಂಸ್ಕೃತದ ಹೆಸರು ಹಳತಾಯಿತು, ಈಗ ಇದೇ ಫ್ಯಾಷನ್ನು ಎಂದು ಇನ್ನೊಬ್ಬಳು. ಕೂಸಿನ ತಾಯಿ ನನ್ನ ಎಲೆಗೆ ಹೋಳಿಗೆ ಹಾಕುತ್ತ, "ಅಜ್ಜಿ, ನೀವು ಹೇಳ್ರಿ, ಹಳೀ ಹೆಸರು ಎಷ್ಟು ಮುದ್ದಾಗಿ ಇರ್ತಾವಲ್ಲ?" ಎಂದಳು.

ನನ್ನ ಬಾಯಲ್ಲಿ ಹೋಳಿಗೆ ಇದ್ದದ್ದು ಅವಳ ಪುಣ್ಯ. ಮುದ್ದಂತೆ ಮುದ್ದು. ನಮ್ಮ ಕಾಲದಲ್ಲಿ ಗುಂಡ, ಕಲ್ಲ, ತಿಪ್ಪ, ಭಿಕ್ಕ ಎಂದು ಕರೆಸಿಕೊಂಡವರು ಯಾರೂ ಮುದ್ದಿಗೆ ಕರೆಸಿಕೊಂಡವರಲ್ಲ. ಅವರ ಹಿಂದೆ ಒಂದೋ ಎರಡೋ ಕೂಸು ಮಣ್ಣಿಗೆ ಹೋಗಿರುತ್ತಿತ್ತು. ಒಳ್ಳೆಯ ಹೆಸರಿಟ್ಟರೆ ಸಾವಿಗೆ ಆಸೆ ಹುಟ್ಟುತ್ತದೆ, ಕೆಟ್ಟ ಹೆಸರಿಟ್ಟರೆ ಮೂಗು ಮುರಿದು ಮುಂದಿನ ಮನೆಗೆ ಹೋಗುತ್ತದೆ ಎಂಬ ಲೆಕ್ಕಾಚಾರ. ಸಾವಿಗೆ ಅಷ್ಟು ನಾಜೂಕು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಖಾತ್ರಿಯಾಗಿ ಗೊತ್ತಿತ್ತು.

ನನ್ನ ಬೆನ್ನಿಗೆ ಎರಡು ಗಂಡು ಹುಟ್ಟಿ ಎರಡೂ ಹೋದವು. ಒಂದಕ್ಕೆ ದೇವರ ಹೆಸರು, ಇನ್ನೊಂದಕ್ಕೆ ರಾಜನ ಹೆಸರು. ದೇವರು ಎಂಟು ತಿಂಗಳು ಇದ್ದ, ರಾಜ ಹಲ್ಲು ಬರುವವರೆಗೂ ಇರಲಿಲ್ಲ. ಮೂರನೆಯವನು ಹುಟ್ಟಿದ್ದು ನಲವತ್ತೇಳರ ಮಳೆಗಾಲದಲ್ಲಿ. ಬಸವಕಲ್ಯಾಣಕ್ಕೆ ಆಗ ನಾವು ಬರೀ ಕಲ್ಯಾಣ ಎನ್ನುತ್ತಿದ್ದೆವು. ಪೇಟೆಯಲ್ಲಿ ಅಪ್ಪನ ಬಳೆ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನನಗೆ ಏಳು ವರ್ಷ. ಕೂಸು ಹುಟ್ಟಿದ ದಿನವೇ ಆಯಿ, ಈ ಸಲ ಹೆಸರಿನ ಮಾತು ಯಾರೂ ಎತ್ತಬಾರದು, ಇದನ್ನು ಮಾರಿಬಿಡುತ್ತೇನೆ ಎಂದಳು.

ಹೆದರಬೇಡಿ. ಕೂಸನ್ನು ತೌಡಿಗೆ ಮಾರುವುದು ನಮ್ಮ ಕಡೆಯ ಪದ್ಧತಿ. ತೌಡು ಎಂದರೆ ಎಮ್ಮೆಗೆ ಹಾಕುವ ಹೊಟ್ಟು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡಬೇಕು. ಬೇರೆ ಮನೆಯವರು ಅದನ್ನು ತೌಡು ಕೊಟ್ಟು ಕೊಳ್ಳಬೇಕು. ಹೆಸರಿಡುವ ಹಕ್ಕು ಕೊಂಡವರದು. ಹಾಲು ಕುಡಿಸುವುದು, ತೊಳೆಯುವುದು, ರಾತ್ರಿ ಎತ್ತಿಕೊಂಡು ತಿರುಗುವುದು ಮಾತ್ರ ಹೆತ್ತವಳದು. ಕೂದಲು ತೆಗೆಸುವ ಜವಳದ ದಿನ ಅಷ್ಟೇ ತೌಡನ್ನು ವಾಪಸು ಕೊಟ್ಟು ಕೂಸನ್ನು ಕೊಂಡುಕೊಳ್ಳಬೇಕು. ಅಲ್ಲಿಯವರೆಗೆ ತಾಯಿ ಅದನ್ನು ನನ್ನದು ಎನ್ನುವಂತಿಲ್ಲ. ಎಂದುಬಿಟ್ಟರೆ ಸಾವಿಗೆ ಕೇಳಿಸಿಬಿಡುತ್ತದೆ.

ಕೊಳ್ಳಲು ಬಂದವಳು ಗೋಡೆಗೆ ಗೋಡೆ ಹತ್ತಿದ ಮನೆಯ ಮುಸ್ಲಿಂ ಮುದುಕಿ. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದಳು, ಓಣಿಗೆಲ್ಲ ಕೌದಿ ಹೊಲಿದು ಕೊಡುತ್ತಿದ್ದಳು. ನಾವೆಲ್ಲ ಅವಳಿಗೆ ಖಾಲಾ ಎನ್ನುತ್ತಿದ್ದೆವು, ಆಯಿ ಮಾತ್ರ ಬೀ ಎನ್ನುತ್ತಿದ್ದಳು. ಆಯಿ ಖಾಲಾನ ಮನೆಯ ನೀರು ಕುಡಿಯುತ್ತಿರಲಿಲ್ಲ. ಮೊಮ್ಮಗನನ್ನು ಮಾರುವುದಕ್ಕೆ ಮಾತ್ರ ಯಾವ ಮಡಿಯೂ ಅಡ್ಡ ಬರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮೊರ ತಿಪ್ಪೆಗೆ ಹೋಯಿತು. ಕೆಳಗೆ ಮಡಿಚಿದ ಕೌದಿ ಹಾಸಿತ್ತು; ಆಯಿ ಹಠಮಾರಿಯೇ ಹೊರತು ಹುಚ್ಚಿಯಲ್ಲ. ಖಾಲಾ ಏನೂ ಗೊತ್ತಿಲ್ಲದವಳ ಹಾಗೆ ಆ ಕಡೆಯಿಂದ ಬಂದಳು.

"ಯಾರದ್ರಿ ಇದು ಕೂಸು?"

"ಯಾರದೂ ಅಲ್ಲ ಬೀ. ಬೇಕಾದ್ರ ಒಯ್ರಿ."

ಖಾಲಾ ಬಗ್ಗಿ ನೋಡಿದಳು. "ಮೂಗು ಚಪ್ಪಟಿ ಅದ. ಕಾಲು ಕಡ್ಡಿ ಆಗ್ಯಾವ. ಅರ್ಧಾ ಮೊರ ಕೊಡ್ತೀನಿ."

"ಅರ್ಧಾ ಮೊರಕ್ಕ ಕೋಳಿ ಮರಿನೂ ಬರಂಗಿಲ್ಲ. ಹೋಗ್ರಿ ಹೋಗ್ರಿ, ಬ್ಯಾರೇ ಗಿರಾಕಿ ಅದಾರ."

ಬಾಗಿಲ ಹಿಂದೆ ಕಿವಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಅವ್ವ ನನ್ನ ಭುಜ ಹಿಡಿದಿದ್ದಳು. ಅವಳ ಬೆರಳಿನ ಗುರುತು ಸಂಜೆಯವರೆಗೂ ಇತ್ತು. ಮುದುಕಿಯರಿಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಜಗ್ಗಾಡಿ ಒಂದು ಮೊರಕ್ಕೆ ಒಪ್ಪಿದರು. ಖಾಲಾ ಕೂಸನ್ನು ಎತ್ತಿಕೊಂಡಾಗ ಅದು ಮುಖವನ್ನೆಲ್ಲ ಸುಕ್ಕು ಮಾಡಿಕೊಂಡು ಅತ್ತಿತು. "ಇದು ಕೂಸಲ್ಲ ತಾಯಿ, ಬುಡ್ಡಾ ಅದ," ಎಂದಳು ಖಾಲಾ. ಬುಡ್ಡಾ ಎಂದರೆ ಮುದುಕ. ಹೆಸರು ಅದೇ ಆಯಿತು.

ಅಪ್ಪನಿಗೆ ಇಂಥದರಲ್ಲೆಲ್ಲ ನಂಬಿಕೆ ಕಡಿಮೆ, ನಾಲಗೆ ಉದ್ದ. "ಅಲ್ಲ ಅವ್ವಾ, ಸಾವು ಮೊದಲ ಮುದುಕರನ್ನೇ ಅಲ್ಲೇನು ಒಯ್ಯೋದು? ನೀವ ಬಾಗಲ ತೋರಿಸಿದಂಗ ಆತು," ಎಂದ.

"ನಮ್ಮ ಓಣ್ಯಾಗ ಯಾವ ಮುದುಕಿ ಸತ್ತಾಳ ಹೇಳು," ಎಂದಳು ಆಯಿ.

ಅಪ್ಪ ಬೆರಳು ಮಡಚಿ ಎಣಿಸಿದ. ನಿಜಕ್ಕೂ ಯಾರೂ ಸತ್ತಿರಲಿಲ್ಲ. ಮುದುಕಿಯರೆಲ್ಲ ಗಟ್ಟಿಮುಟ್ಟಾಗಿ ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕೂತಿದ್ದರು, ಹೋದವುಗಳೆಲ್ಲ ಕೂಸುಗಳೇ. ಅವನು ಅಂಗಡಿಗೆ ಹೋದ.

ಅವ್ವನ ಮನಸ್ಸಿನಲ್ಲಿ ಬೇರೆ ಹೆಸರಿತ್ತು. ಅದು ನನಗೊಬ್ಬಳಿಗೇ ಗೊತ್ತು. ಜಡೆ ಹೆಣೆಯುವಾಗ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು. ಐದಕ್ಷರದ, ಆನೆಯ ಮೇಲೆ ಕೂರಿಸುವಂಥ ಹೆಸರು. ಮೊದಲಿನ ಇಬ್ಬರಿಗೂ ಹಿರಿಯರೇ ಹೆಸರಿಟ್ಟಿದ್ದರು, ಅವಳನ್ನು ಯಾರೂ ಕೇಳಿರಲಿಲ್ಲ. ಜವಳ ಆದ ಮೇಲೆ ಇವನು ನನ್ನವನು, ಆವತ್ತು ನಾನೇ ಹೆಸರಿಡುತ್ತೇನೆ ಎಂದು ಕಾದುಕೊಂಡಿದ್ದಳು.

ಕಾಯುವುದೇನು ಸುಮ್ಮನೆಯೇ. ನಮ್ಮ ಮನೆಯ ಮಾತು ಕೇಳಿದವರಿಗೆ ತಲೆ ತಿರುಗಬೇಕು. "ಖಾಲಾನ ಮಗ ಅಳಾಕತ್ತದ, ತೊಟ್ಟಿಲ ತೂಗ್ ಬಾ," ಎನ್ನುತ್ತಿದ್ದಳು ಅವ್ವ. "ಬಾಜೂ ಮನಿಯವ್ರ ಕೂಸು ಉಚ್ಚಿ ಹೊಯ್ದದ." ಖಾಲಾ ಹಗಲಿಗೆ ನಾಲ್ಕು ಸಲ ಬಂದು ತನ್ನ ಸೊತ್ತು ಸರಿಯಾಗಿದೆಯೋ ಇಲ್ಲವೋ ನೋಡುತ್ತಿದ್ದಳು. ಮೈ ಇಳಿದಿದೆ, ನೀವು ಸರಿಯಾಗಿ ಹಾಲು ಕೊಡುತ್ತಿಲ್ಲ ಎಂದು ಅವ್ವನನ್ನೇ ಬಯ್ಯುತ್ತಿದ್ದಳು. ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಬುಡ್ಡಾನಿಗೆ ಹಲ್ಲು ಬಂದವು. ಅಂಬೆಗಾಲಿಟ್ಟ. ಎಂಟು ತಿಂಗಳು ದಾಟಿದ.

ಒಮ್ಮೆ ಹೊಸ್ತಿಲ ಮೇಲಿಂದ ಬಿದ್ದು ಹಣೆ ಒಡೆದುಕೊಂಡಾಗ ಅವ್ವ ಓಡಿ ಬಂದು, "ಅಯ್ಯೋ ನನ್ನ ಮಗನ," ಎಂದುಬಿಟ್ಟಳು. ಆಯಿ ಕೈಯಲ್ಲಿದ್ದ ಸೌಟು ಕೆಳಗೆ ಬಿಟ್ಟಳು. ಆ ವಾರವೇ ಅವನಿಗೆ ಜ್ವರ ಬಂತು. ಮೂರು ದಿನ ಅವ್ವ ಊಟ ಮಾಡಲಿಲ್ಲ. ಜ್ವರ ಬಿಟ್ಟಿತು, ಅದು ಎಲ್ಲ ಕೂಸುಗಳಿಗೂ ಬರುವ ಜ್ವರವೇ. ಅವ್ವ ಮಾತ್ರ ಆಮೇಲೆ ಆ ಮಾತನ್ನು ಬಾಯಿ ತಪ್ಪಿಯೂ ಆಡಲಿಲ್ಲ. ಅವನನ್ನು ಎತ್ತಿಕೊಂಡಾಗ ತುಟಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿರುತ್ತಿದ್ದಳು. ಅದನ್ನು ನೋಡಿದರೆ ನನಗೆ ಆಯಿಯ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು.

ಮುಂದಿನ ಬೇಸಿಗೆ ನಲವತ್ತೆಂಟರದು. ನಿಜಾಮನ ಕಡೆಯವರು ಗೋರ್ಟಾದಲ್ಲಿ ಜನರನ್ನು ಕಡಿದ ಸುದ್ದಿ ಬಂದಿತ್ತು, ಆ ಕಡೆಯಿಂದ ಓಡಿ ಬಂದವರು ಓಣಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ನಮ್ಮ ಮನೆಯ ಕದ ಹಗಲೂ ಮುಚ್ಚಿರುತ್ತಿತ್ತು. ಒಂದು ಮಧ್ಯಾಹ್ನ ಬಡಿಗೆ ಹಿಡಿದ ನಾಲ್ಕು ಜನ ಅಪ್ಪನನ್ನು ಕೇಳಿಕೊಂಡು ಬಂದರು. ಖಾಲಾ ತನ್ನ ಕೌದಿ, ಸೂಜಿ, ದಾರ ಎಲ್ಲ ತಂದು ನಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. "ಇಸ್ ಘರ್ ಮೇ ಮೇರಾ ಬೇಟಾ ಹೈ," ಎಂದಳು. ಈ ಮನೆಯಲ್ಲಿ ನನ್ನ ಮಗನಿದ್ದಾನೆ. ಅವರು ಏನೇನೋ ಅಂದರು. ಅವಳು ತಲೆ ಎತ್ತದೆ ಹೊಲಿಯುತ್ತ, ನನ್ನನ್ನು ದಾಟಿ ಹೋಗಿ ಎಂದಳು. ಅವರು ದಾಟಲಿಲ್ಲ. ಮೂರು ದಿನ ಅವಳು ಅಲ್ಲಿಂದ ಏಳಲಿಲ್ಲ. ಒಳಗೆ ಹಿಟ್ಟಿನ ಗುಡಾಣದ ಹಿಂದೆ ಕೂತಿದ್ದ ಅಪ್ಪ ಅವತ್ತಿನಿಂದ ಆ ಒಂದು ಮೊರ ತೌಡಿನ ಮೇಲೆ ಜೋಕು ಮಾಡುವುದನ್ನು ಬಿಟ್ಟ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಲಷ್ಕರು ಬಂತು, ನಿಜಾಮನ ಆಳಿಕೆ ಮುಗಿಯಿತು, ಹೆದರುವ ಸರದಿ ಓಣಿಯ ಮುಸ್ಲಿಮರದಾಯಿತು. ಅವರ ಕದಗಳು ಮುಚ್ಚಿದವು. ಪೇಟೆಯ ಕಡೆಯಿಂದ ಕೂಗು ಕೇಳುತ್ತಿತ್ತು. ನಾವು ಖಾಲಾನ ಹೊಸ್ತಿಲ ಮೇಲೆ ಕೂರಲಿಲ್ಲ. ಅಪ್ಪ ಕೂರಲಿಲ್ಲ, ಆಯಿ ಕೂರಲಿಲ್ಲ. ಅವ್ವ ಒಮ್ಮೆ ಎದ್ದಳು, ಆಯಿ ಸೆರಗು ಹಿಡಿದು ಕೂರಿಸಿದಳು. ಖಾಲಾನ ಅಳಿಯ ಬಂಡಿ ತಂದು ಅವಳನ್ನು ಹುಮನಾಬಾದಿಗೆ ಕರೆದುಕೊಂಡು ಹೋದ. ಬಂಡಿಯ ಸದ್ದು ಗೋಡೆಯಾಚೆಯಿಂದ ಕೇಳಿದೆವು, ಅಷ್ಟೇ. ನನಗೆ ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ತಮ್ಮ ಖಾಲಾನ ಸೊತ್ತಾಗಿಯೇ ಉಳಿದ. ಒಂದನೆಯ ವರ್ಷದ ಜವಳ ತಪ್ಪಿತು, ಎರಡು ಆಗಿಬರುವುದಿಲ್ಲ, ಇನ್ನು ಮೂರನೆಯ ವರ್ಷಕ್ಕೇ ಎಂದಳು ಆಯಿ. ಕೂದಲು ಬೆನ್ನಿಗೆ ಇಳಿಯಿತು. ಅವ್ವ ಎರಡು ಜಡೆ ಹಾಕುತ್ತಿದ್ದಳು. ನನ್ನ ಹಳೆಯ ಪರಕಾರ, ಅಂದರೆ ಲಂಗ, ಉಟ್ಟುಕೊಂಡು ಅವನು ಓಣಿಯಲ್ಲಿ ಓಡಾಡಿದರೆ ನನಗಿಂತ ಚೆಂದ ಕಾಣುತ್ತಿದ್ದ.

ಐವತ್ತರಲ್ಲಿ ರೇಶನ್ನಿನ ಗುಮಾಸ್ತ ಮನೆ ಮನೆಗೆ ಬಂದು ಹೆಸರು ಬರೆದುಕೊಳ್ಳತೊಡಗಿದ. ನಮ್ಮ ಮನೆಗೆ ಬಂದಾಗ ಅಪ್ಪ ಅಂಗಡಿಯಲ್ಲಿ, ಅವ್ವ ನೀರಿಗೆ ಹೋಗಿದ್ದಳು. ಆಯಿ ಅಪ್ಪನದು, ಅವ್ವನದು, ನನ್ನದು, ತನ್ನದು ಹೇಳಿ ಬರೆಸಿದಳು. ಗುಮಾಸ್ತ ಅಂಗಳದಲ್ಲಿ ಆಡುತ್ತಿದ್ದ ತಮ್ಮನನ್ನು ನೋಡಿದ.

"ಈ ಹುಡುಗಿ ಹೆಸರೇನ್ರಿ?"

"ಹುಡುಗಿ ಅಲ್ಲ. ನಮ್ದೂ ಅಲ್ಲ."

"ಮತ್ತ ಯಾರದು?"

"ಬಾಜೂ ಮನೀ ಬೀ ಅವ್ರದು."

"ಆಕಿ ಎಲ್ಲಿ ಇದ್ದಾಳ?"

"ಹುಮನಾಬಾದದಾಗ."

"ಹಂಗಾದ್ರ ಅಲ್ಲೇ ಬರಸ್ತಾರ ಬಿಡ್ರಿ," ಎಂದು ಅವನು ಕಾರ್ಡು ಕೊಟ್ಟು ಪುಸ್ತಕ ಮುಚ್ಚಿದ. ಸುಳ್ಳು ಹೇಳಿದರೆ ಮೊಮ್ಮಗನಿಗೆ ಕೇಡು ಎಂದು ನಂಬಿದ್ದ ನನ್ನ ಆಯಿ, ಸರ್ಕಾರದ ಮುಂದೆ ಸತ್ಯವನ್ನೇ ಹೇಳಿದೆ ಎಂದು ಹೆಮ್ಮೆಯಿಂದ ಎಲೆಗೆ ಸುಣ್ಣ ಹಚ್ಚಿಕೊಂಡಳು.

ಸಂಜೆ ಅಪ್ಪ ಕಾರ್ಡು ಓದಿದ. ನಾಲ್ಕು ಜನ. ಅವ್ವ ಮತ್ತೊಮ್ಮೆ ಓದಿಸಿದಳು. ನಾಲ್ಕೇ. ಹನ್ನೆರಡು ವರ್ಷ ಅತ್ತೆಯ ಎದುರು ತಲೆ ಎತ್ತದಿದ್ದವಳು ಅವತ್ತು ನಡುಮನೆಯಲ್ಲಿ ನಿಂತು, "ನೋವು ತಿಂದಾಕಿ ನಾ. ಹಾಲು ಕೊಟ್ಟಾಕಿ ನಾ. ಸರ್ಕಾರದ ಕಾಗದದಾಗೂ ಇಂವ ನನ್ನಾಂವ ಅಲ್ಲ ಅಂದ್ರ ನಾ ಯಾರಿಗೆ ಕೇಳ್ಲಿ?" ಎಂದಳು. ಮರುದಿನ ಅಪ್ಪ ರೇಶನ್ ಕಚೇರಿಗೆ ಹೋಗಿ ಬಂದ. ಮನೆಯ ಹಿರಿಯಳೇ ನಮ್ಮದಲ್ಲ ಎಂದ ಮೇಲೆ ನಾನೇನು ಮಾಡಲಿ, ಕೂಸನ್ನೂ ಹೆತ್ತವಳನ್ನೂ ಕರೆದುಕೊಂಡು ಬನ್ನಿ ಎಂದನಂತೆ ಗುಮಾಸ್ತ. ಆಯಿ ಅಷ್ಟಕ್ಕೂ ಸೋಲದೆ, ಕೊಂಡುಕೊಳ್ಳದೆ ಹೆತ್ತವರಾಗುವುದು ಹೇಗೆ, ಮೊದಲು ಹುಮನಾಬಾದಿಗೆ ನಡೆಯಿರಿ ಎಂದಳು.

ಬಸ್ಸಿನಲ್ಲಿ ನಾವು ನಾಲ್ವರು: ಆಯಿ, ಅವ್ವ, ನಾನು, ಎರಡು ಜಡೆಯ ತಮ್ಮ. ಆಯಿಯ ಮಡಿಲಲ್ಲಿ ತೌಡಿನ ಗಂಟು. ಖಾಲಾ ಕೊಡುತ್ತಾಳೋ ಇಲ್ಲವೋ, ನಮ್ಮ ಮುಖ ನೋಡುತ್ತಾಳೋ ಇಲ್ಲವೋ ಎಂಬ ಚಿಂತೆ ಅವ್ವನಿಗೆ. ನನಗೂ ಅದೇ ಹೆದರಿಕೆ.

ಖಾಲಾ ಮಗಳ ಮನೆಯ ಅಂಗಳದಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿತ್ತು. ಆಯಿಯ ದನಿಯಿಂದ ಗುರುತು ಹಿಡಿದಳು. ಆಯಿ ಬೇರೆ ಮಾತಿಗೆ ಹೋಗದೆ ಮೊರ ಕೇಳಿ ಇಸಿದುಕೊಂಡು ಅದರಲ್ಲಿ ತೌಡು ಸುರಿದಳು. ಖಾಲಾ ಬೆರಳಾಡಿಸಿ ನೋಡಿದಳು.

"ಇದರಾಗ ಹರಳು ಅವ."

"ನೀವ್ ಕೊಟ್ಟಾಗ ಹುಳ ಇದ್ವು, ನಾ ಏನರ ಅಂದೆನಾ?"

"ಮೂರು ವರ್ಷದ ಮಗಾ ತಾಯಿ. ಹಲ್ಲು ಬಂದಾವ, ನಡೀತಾನ. ಐದ ದಿನದ ಕೂಸಿನ ಧಾರಣಿ ಈಗ ಹ್ಯಾಂಗ ನಡೀತದ?"

ಆಯಿ ಸೆರಗು ಸಿಕ್ಕಿಸಿಕೊಂಡು ಕೂತಳು. ಖಾಲಾನ ಮಗಳು ಚಹಾ ತಂದಿಟ್ಟಳು. ಜಗ್ಗಾಟದ ಭರದಲ್ಲಿ ಆಯಿ ಅದನ್ನು ಕುಡಿದೂ ಬಿಟ್ಟಳು; ಅದನ್ನು ಎತ್ತಿ ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಎರಡು ಮೊರ ಎಂದಳು ಖಾಲಾ. ಒಂದೇ ಎಂದಳು ಆಯಿ. ಹಂಗಾದ್ರ ಮಗಾ ಇಲ್ಲೇ ಇರಲಿ ಎಂದಳು ಖಾಲಾ.

ಅವ್ವನಿಗೆ ತಡೆಯಲಾಗಲಿಲ್ಲ. "ಸಾಕ್ ಮಾಡ್ರಿ ಇಬ್ರೂ. ಮೂರು ವರ್ಷ ಇವನ್ನ ನನ್ನಾಂವ ಅಂದಿಲ್ಲ ನಾ. ಬಿದ್ದಾಗ ಒಮ್ಮೆ ಬಾಯಿ ತಪ್ಪಿ ಅಂದೆ, ಆಮ್ಯಾಲ ಜ್ವರ ಬಂದಾಗೂ ಅಂದಿಲ್ಲ. ಈಗ ನೀವ್ ಕೊಡಂಗಿಲ್ಲ ಅಂದ್ರ ನಾ ಇಲ್ಲಿಂದ ಏಳಂಗಿಲ್ಲ," ಎಂದವಳೇ ಅಳತೊಡಗಿದಳು.

ಖಾಲಾ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ಕೊಡಂಗಿಲ್ಲ ಅಂತ ಯಾರ್ ಅಂದ್ರು ತಾಯಿ. ಎರಡು ವರ್ಷ ಆದ ಮ್ಯಾಲ ನಿಮ್ಮ ಅತ್ತಿ ಕೂಡ ಮಾತಾಡಾಕತ್ತೀನಿ. ಲಗೂನ ಮುಗಿಸಿದ್ರ ಎದ್ದು ಹೋಗ್ತೀರಿ ನೀವು."

ತಮ್ಮ ಅಂಗಳದ ಮೂಲೆಯಲ್ಲಿ ಆಡಿನ ಮರಿಯ ಕಿವಿ ಜಗ್ಗುತ್ತಿದ್ದ. ಖಾಲಾ ಆ ಕಡೆ ತಿರುಗಿ, ಮೆಲ್ಲಗೆ, ಅನುಮಾನದಿಂದ, "ಬುಡ್ಡಾ," ಎಂದಳು. ಅವನು ಓಡಿ ಬಂದು ಎದುರು ನಿಂತ.

"ಇನ್ನಾ ಹಂಗೇ ಕರೀತೀರಿ? ನಾ ಹ್ವಾದ ಮ್ಯಾಲ ಬ್ಯಾರೆ ಹೆಸರು ಇಟ್ಟಿರ್ತೀರಿ ಅಂದ್ಕೊಂಡಿದ್ದೆ."

"ನಮಗೇನ್ ಹಕ್ಕದ ಖಾಲಾ," ಎಂದಳು ಅವ್ವ. ಆಮೇಲೆ ಮೂಗು ಒರೆಸಿಕೊಂಡು, "ಅವತ್ತ ನಾವ್ ಯಾರೂ ನಿಮ್ಮ ಮನೀ ತನಕ ಬರ್ಲಿಲ್ಲ," ಎಂದಳು.

ಖಾಲಾ ತಮ್ಮನ ಜಡೆಯನ್ನು ಬಿಚ್ಚತೊಡಗಿದಳು. "ಹೌದು, ಬರ್ಲಿಲ್ಲ. ದಾರಿ ನೋಡಿದೆ ನಾ," ಎಂದಳು. ಆಯಿ ನೆಲ ನೋಡುತ್ತಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹಜಾಮ ಬಂದ. ಖಾಲಾನ ತೊಡೆಯ ಮೇಲೇ ಜವಳ ಆಯಿತು. ಬೋಳು ತಲೆಯ ತಮ್ಮ ಆಗ ನಿಜಕ್ಕೂ ಮುದುಕನ ಹಾಗೇ ಕಂಡ. ಖಾಲಾ ಅವನನ್ನು ಎತ್ತಿ ಅವ್ವನ ಮಡಿಲಿಗೆ ಹಾಕಿ, "ತೊಗೊ. ಇನ್ನ ಬೇಕಾದ ಹೆಸರು ಇಡು, ನಂದೇನೂ ತಕರಾರಿಲ್ಲ," ಎಂದಳು. ತೌಡು ಮುಟ್ಟದಿದ್ದರೆ ವ್ಯವಹಾರ ಪಕ್ಕಾ ಆಗುವುದಿಲ್ಲ ಎಂದು ಆಯಿ ಅಷ್ಟರಲ್ಲೂ ಹಟ ಹಿಡಿದಳು. ಖಾಲಾ ಆಡನ್ನು ಎಳೆದು ತಂದು ಮೊರಕ್ಕೆ ಬಾಯಿ ಹಾಕಿಸಿದಳು.

ಮರುದಿನ ಅಪ್ಪ, ಅವ್ವ, ತಮ್ಮ, ನಾನು ರೇಶನ್ ಕಚೇರಿಗೆ ಹೋದೆವು. ಅವ್ವನ ತುಟಿ ಬೆಳಿಗ್ಗೆಯಿಂದ ಅಲ್ಲಾಡುತ್ತಿತ್ತು. ಆ ಐದಕ್ಷರವನ್ನು ಬಾಯಲ್ಲಿ ಅಣಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಗುಮಾಸ್ತ ಪುಸ್ತಕ ತೆರೆದು ಹೆಸರು ಕೇಳಿದ.

"ಬುಡ್ಡಪ್ಪ," ಎಂದಳು ಅವ್ವ.

"ಅದು ಕರಿಯೋ ಹೆಸರು ಬಾಯಿ. ಬರಸೋ ಹೆಸರು ಹೇಳ್ರಿ."

"ಬರಸೋದೂ ಅದೇ."

ಅಪ್ಪ ಕೆಮ್ಮಿದ. "ನಾಳೆ ದೊಡ್ಡಾಂವ ಆದ ಮ್ಯಾಲ ಮಂದಿ ನಗ್ತಾರ," ಎಂದ ತಗ್ಗಿದ ದನಿಯಲ್ಲಿ.

"ದೊಡ್ಡಾಂವ ಆಗಲಿ. ನಗಲಿ," ಎಂದಳು ಅವ್ವ.

ಗುಮಾಸ್ತ ನಗುತ್ತಲೇ ಬರೆದುಕೊಂಡ. "ವಯಸ್ಸೆಷ್ಟು?"

"ನನ್ನ ಮಗ."

"ವಯಸ್ಸು ಕೇಳಿದೆ ಬಾಯಿ."

"ನನ್ನ ಮಗರೀ ಇಂವ," ಎಂದಳು ಅವ್ವ ಇನ್ನೂ ಜೋರಾಗಿ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಅಪ್ಪ ಮುಂದೆ ಬಂದು ಮೂರು ವರ್ಷ ಎಂದು ಬರೆಸಿದ. ಅವ್ವ ತಮ್ಮನ ಬೋಳು ತಲೆಯ ಮೇಲೆ ಕೈಯಿಟ್ಟುಕೊಂಡು ಇನ್ನೂ ಅದನ್ನೇ ಹೇಳುತ್ತಿದ್ದಳು.